ಆಪ್ಷನ್ ಪಟ್ಟಿಯ ಕೊನೆಯ ಸಾಲುಗಳು

(ಪಿಯುಸಿ ವಿದ್ಯಾರ್ಥಿಗಳ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ಆಟೋ ಓಡಿಸುವ ಒಬ್ಬ ತಂದೆ ಮಗಳ ಸಿಇಟಿ ಆಪ್ಷನ್ ಪಟ್ಟಿಯನ್ನು ನನ್ನ ಬಳಿ ತಂದರು. ಪಟ್ಟಿಯಲ್ಲಿದ್ದದ್ದು ಎಂಟೇ ಸಾಲು. ಎಂಟೂ ಬೆಂಗಳೂರಿನ ಹೆಸರಾಂತ ಕಾಲೇಜುಗಳು, ಎಂಟೂ ಕಂಪ್ಯೂಟರ್ ಸೈನ್ಸ್. "ಇನ್ನಷ್ಟು ಬರೆಯಬಾರದೇ?" ಎಂದೆ. "ಬೇಡ ಸರ್, ಕೆಳಗಿನ ಕಾಲೇಜು ಬರೆದರೆ ಅದನ್ನೇ ಕೊಟ್ಟುಬಿಡ್ತಾರಂತೆ" ಎಂದರು. ನಾನು ಒತ್ತಾಯಿಸಲಿಲ್ಲ. ಹುಡುಗಿಗೆ ಯಾವ ಸುತ್ತಿನಲ್ಲೂ ಸೀಟು ಬರಲಿಲ್ಲ. ಕೊನೆಗೆ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದರು. ಅಂದು ಐದು ನಿಮಿಷ ಕುಳಿತು ವಿವರಿಸಬೇಕಿತ್ತು ಎಂಬ ಕೊರಗು ನನಗೆ ಇಂದಿಗೂ ಇದೆ.

ಆ ತಂದೆಯ ಭಯಕ್ಕೆ ಆಧಾರವಿರಲಿಲ್ಲ. ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತದೆ. ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಸೀಟು ಉಳಿದಿರುವ ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಮೂವತ್ತನೆಯ ಸಾಲಿನಲ್ಲಿ ಏನು ಬರೆದರೂ ಮೊದಲ ಸಾಲಿನ ಅವಕಾಶ ಕಡಿಮೆಯಾಗುವುದಿಲ್ಲ. ಆದರೆ ಹೆದರಿಕೆಯಿಂದ ಖಂಡಿತ ಸಿಗುವ ಕಾಲೇಜನ್ನೇ ಮೇಲೆ ಬರೆದರೆ ಮಾತ್ರ ನಷ್ಟ ನಿಮ್ಮದೇ. ಆಸೆಯ ಕಾಲೇಜು ಮೇಲಿರಲಿ, ಖಂಡಿತ ಸಿಗುವುದು ಕೆಳಗಿರಲಿ.

ಖಂಡಿತ ಸಿಗುವುದು ಯಾವುದೆಂದು ಹೇಗೆ ತಿಳಿಯುವುದು? ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್ ನೋಡಿ. ಕಾಲೇಜಿನ ಹೆಸರೊಂದನ್ನೇ ನೋಡಿದರೆ ಸಾಲದು; ಶಾಖೆ, ಸುತ್ತು, ಪ್ರವರ್ಗ ಎಲ್ಲವನ್ನೂ ನೋಡಬೇಕು. ಉದಾಹರಣೆಗೆ, ಒಂದು ಶಾಖೆಯ ಕೊನೆಯ ರ‍್ಯಾಂಕ್ 40,000 ಇದ್ದು ನಿಮ್ಮದು 39,000 ಆದರೆ ಅದನ್ನು ಖಂಡಿತ ಎನ್ನಲಾಗದು. ಎರಡು ಮೂರು ವರ್ಷ ಸತತವಾಗಿ 60,000 ದಾಟಿದ್ದರೆ ಧೈರ್ಯವಾಗಿ ನಂಬಬಹುದು. 2ಬಿ ಕಟ್‌ಆಫ್ ನೋಡಿ ಲೆಕ್ಕ ಹಾಕುವವರ ಬಳಿ ಪ್ರಮಾಣಪತ್ರ ಸಿಂಧುವಾಗಿರಬೇಕು. ಪರಿಶೀಲನೆಯಲ್ಲಿ ಅದು ನಿಲ್ಲದಿದ್ದರೆ ನಿಮ್ಮ ಲೆಕ್ಕವೆಲ್ಲ ಸಾಮಾನ್ಯ ವರ್ಗದ ಕಟ್‌ಆಫ್‌ಗೆ ಬಂದು ನಿಲ್ಲುತ್ತದೆ.

ಪೋಷಕರಿಗೆ ಒಂದು ಮಾತು. ಸಿಕ್ಕರೆ ಸಾಲದು, ಸೇರುವಂತಿರಬೇಕು. ಹುಬ್ಬಳ್ಳಿಯ ಕಾಲೇಜು ಬರೆಯಲು ಬಿಟ್ಟು, ಸೀಟು ಬಂದ ಮೇಲೆ "ಅಷ್ಟು ದೂರ ಹೆಣ್ಣುಮಗಳನ್ನು ಕಳಿಸೋದಿಲ್ಲ" ಎಂದರೆ ಆ ಸಾಲು ಬರೆದದ್ದು ದಂಡ. ಹಾಸ್ಟೆಲ್, ಬಸ್ಸು, ಶುಲ್ಕ, ಈ ಜಗಳವೆಲ್ಲ ಮನೆಯಲ್ಲಿ ಮೊದಲೇ ಮುಗಿಯಲಿ. (ಜಗಳ ಆಗಿಯೇ ಆಗುತ್ತದೆ, ನನ್ನ ಮನೆಯಲ್ಲೂ ಆಗಿದೆ.) ಸರ್ಕಾರಿ ಕಾಲೇಜಿಗೂ ಖಾಸಗಿ ಕಾಲೇಜಿಗೂ ಶುಲ್ಕದಲ್ಲಿ ಬಹಳ ಅಂತರವಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲಕ್ಕೆ ಅರ್ಜಿ ಹಾಕಿ. ಆದರೆ ಆ ಹಣ ಬಂದೇ ಬರುತ್ತದೆಂದು ನಂಬಿ ಕೊನೆಯ ಸಾಲನ್ನು ತುಂಬಬೇಡಿ.

ಸೀಟು ಹಂಚಿಕೆಯ ನಂತರ ಚಾಯ್ಸ್ ಕೇಳುತ್ತಾರೆ. ಎರಡನೆಯದನ್ನು ಆರಿಸಿದರೆ ಸಿಕ್ಕ ಸೀಟು ಕೈಯಲ್ಲಿರುತ್ತದೆ, ಮೇಲಿನ ಆಪ್ಷನ್‌ಗಳಿಗೆ ಮುಂದಿನ ಸುತ್ತಿನಲ್ಲಿ ಪ್ರಯತ್ನವೂ ನಡೆಯುತ್ತದೆ. ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ. ಮೂರನೆಯದನ್ನು ಆರಿಸಿದರೆ ಕೈಯಲ್ಲಿದ್ದದ್ದು ಅಂದೇ ಹೋಯಿತು. ಗೆಳೆಯ ಒತ್ತಿದನೆಂದು ನೀವೂ ಒತ್ತಬೇಡಿ. ಶುಲ್ಕ ಕಟ್ಟುವ ನಿಯಮ, ದಿನಾಂಕಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೀವೇ ಓದಿ.

ಇಂಜಿನಿಯರಿಂಗ್ ಸಿಗುವುದೇ ಅನುಮಾನ ಎನ್ನುವವರು ಊರಿನ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎಸ್ಸಿಗೂ ಅರ್ಜಿ ಹಾಕಿಡಿ. ಸಿಇಟಿ ಸುತ್ತುಗಳು ಮುಗಿಯುವವರೆಗೆ ಕಾದರೆ ಅಲ್ಲಿಯ ಬಾಗಿಲು ಮುಚ್ಚಿರಬಹುದು.

ನನ್ನ ಮಾತು ಇಷ್ಟೇ. ಪಟ್ಟಿ ಬರೆದು ತಂದವರು ಊಟಕ್ಕೆ ಮೊದಲು ಈ ಮೇಜಿನ ಬಳಿ ಬನ್ನಿ, ಕೆಳಗಿನ ಸಾಲಿನಿಂದ ನೋಡುತ್ತಾ ಬರೋಣ.