ಯಕೋಬರ ದಾರಿಗೆ ಹೊರಡುವ ಮುನ್ನ

(ಪ್ರೇಷಿತ ಸಂತ ಯಕೋಬರ ಹಬ್ಬ, ಜುಲೈ 25. ವಾಚನಗಳು: 2 ಕೊರಿಂಥ 4:7-15, ಮತ್ತಾಯ 20:20-28)



ಇಂದಿನ ಶುಭಸಂದೇಶದಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ಕರೆದುಕೊಂಡು ಯೇಸುಸ್ವಾಮಿಯ ಬಳಿಗೆ ಬರುತ್ತಾಳೆ. ಸ್ವಾಮಿಯ ಸಾಮ್ರಾಜ್ಯದಲ್ಲಿ ಒಬ್ಬ ಮಗನಿಗೆ ಬಲಗಡೆ, ಇನ್ನೊಬ್ಬನಿಗೆ ಎಡಗಡೆ ಜಾಗ ಬೇಕೆಂದು ಕೇಳುತ್ತಾಳೆ. ನಮಗೆ ಈ ತಾಯಿ ಅಪರಿಚಿತಳೇನಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವವರು ನಾವು. ಆದರೆ ಯೇಸುಸ್ವಾಮಿ ಆಕೆಯನ್ನು ಗದರಿಸುವುದಿಲ್ಲ. ಮಕ್ಕಳ ಕಡೆಗೆ ತಿರುಗಿ, ನಾನು ಕುಡಿಯುವ ಪಾತ್ರೆಯಿಂದ ನೀವು ಕುಡಿಯಬಲ್ಲಿರಾ ಎಂದು ಕೇಳುತ್ತಾರೆ. ಜಾಗ ಕೇಳಲು ಬಂದವರಿಗೆ ಸಿಕ್ಕಿದ್ದು ಒಂದು ಪ್ರಶ್ನೆ. ಯಕೋಬರು ಆ ಪ್ರಶ್ನೆಗೆ ತಮ್ಮ ಪ್ರಾಣದಿಂದಲೇ ಉತ್ತರ ಕೊಟ್ಟರು. ಸುಮಾರು ಕ್ರಿ.ಶ. 44ರಲ್ಲಿ ಅರಸ ಹೆರೋದ ಅಗ್ರಿಪ್ಪ ಅವರನ್ನು ಕತ್ತಿಯಿಂದ ಕೊಲ್ಲಿಸಿದನು. ಹನ್ನೆರಡು ಮಂದಿ ಪ್ರೇಷಿತರಲ್ಲಿ ರಕ್ತಸಾಕ್ಷಿಯಾದ ಮೊದಲಿಗರು ಅವರೇ.

ಈ ವರ್ಷ ಈ ಹಬ್ಬಕ್ಕೆ ಇನ್ನೊಂದು ವಿಷಯವೂ ಸೇರಿಕೊಂಡಿದೆ. ನಮ್ಮ ಧರ್ಮಕೇಂದ್ರದ ಕೆಲವು ಕುಟುಂಬಗಳು 2027ರಲ್ಲಿ ಸ್ಪೇನ್ ದೇಶದ ಸಾಂತಿಯಾಗೊ ದೆ ಕೊಂಪೊಸ್ತೆಲಾಗೆ, ಅಂದರೆ ಸಂತ ಯಕೋಬರ ಸಮಾಧಿಗೆ, ನಡೆದುಕೊಂಡು ಯಾತ್ರೆ ಹೋಗಬೇಕೆಂದು ಆಲೋಚಿಸಿವೆ. ಜುಲೈ 25 ಭಾನುವಾರ ಬಂದ ವರ್ಷವನ್ನು ಅಲ್ಲಿ ಪವಿತ್ರ ವರ್ಷವೆಂದು ಆಚರಿಸುತ್ತಾರೆ. ಹಿಂದೆ 2021ರಲ್ಲಿ ಬಂದಿತ್ತು, ಕೋವಿಡ್ ಕಾರಣ ಅದನ್ನು 2022ಕ್ಕೂ ಮುಂದುವರಿಸಿದರು. ಮುಂದಿನದು 2027, ಅದಾದ ಮೇಲೆ 2032. "ಫಾದರ್, ಹೋಗಬಹುದಾ?" ಎಂದು ಕೇಳಿದವರಿಗೆ ನನ್ನ ಉತ್ತರ: ಹೋಗಿ, ಆದರೆ ಸಿದ್ಧರಾಗಿ ಹೋಗಿ. ಆ ಸಿದ್ಧತೆ ಹೇಗಿರಬೇಕೆಂದು ಇಂದು ನಾವೆಲ್ಲರೂ, ಹೋಗುವವರೂ ಹೋಗದವರೂ, ಸೇರಿ ಧ್ಯಾನಿಸೋಣ.

ಮೊದಲನೆಯದಾಗಿ, ಈ ದಾರಿ ಯಾವುದು?

ಯಕೋಬರು ಸ್ಪೇನಿನಲ್ಲಿ ಶುಭಸಂದೇಶ ಸಾರಿದರೆಂದೂ, ಅವರ ಶಿಷ್ಯರು ಪಾರ್ಥಿವ ಶರೀರವನ್ನು ಅಲ್ಲಿಗೆ ತಂದರೆಂದೂ ಪರಂಪರೆ ಹೇಳುತ್ತದೆ. ಒಂಬತ್ತನೇ ಶತಮಾನದಲ್ಲಿ ಧರ್ಮಾಧ್ಯಕ್ಷ ಥಿಯೊದೊಮಿರ್ ಕಾಲದಲ್ಲಿ ಗಲಿಸಿಯಾ ಪ್ರಾಂತ್ಯದಲ್ಲಿ ಒಂದು ಸಮಾಧಿ ಪತ್ತೆಯಾಯಿತು. ಅಂದಿನಿಂದ ಯುರೋಪಿನ ಮೂಲೆಮೂಲೆಯಿಂದ ಜನ ತಮ್ಮ ಮನೆಬಾಗಿಲಿನಿಂದಲೇ ಹೊರಟು ನಡೆದು ಬಂದರು. ಹನ್ನೆರಡನೇ ಶತಮಾನದಲ್ಲೇ ಅವರಿಗಾಗಿ ಒಂದು ದಾರಿಪುಸ್ತಕ ಸಿದ್ಧವಾಗಿತ್ತು: ಯಾವ ನದಿಯ ನೀರು ಕುಡಿಯಬಹುದು, ಎಲ್ಲಿ ಅಂಬಿಗರು ಮೋಸ ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿದೆ. ಹಲವು ದಾರಿಗಳಲ್ಲಿ ಅತಿ ಹೆಸರಾದದ್ದು ಫ್ರಾನ್ಸಿನ ಗಡಿಯ ಸೇಂಟ್ ಜೀನ್ ಪಿಯೆ ದ ಪೋರ್ ಊರಿನಿಂದ ಹೊರಟು, ಪಿರೆನೀಸ್ ಪರ್ವತ ದಾಟಿ, ಪಾಂಪ್ಲೊನಾ, ಬುರ್ಗೋಸ್, ಲಿಯೋನ್ ನಗರಗಳನ್ನು ಹಾದು ಸಾಂತಿಯಾಗೊ ತಲುಪುವ ಸುಮಾರು 780 ಕಿ.ಮೀ. ದಾರಿ. ಪೂರ್ತಿ ನಡೆಯಲು ಒಂದು ತಿಂಗಳಿಗೂ ಹೆಚ್ಚು ಬೇಕು. 1993ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರಡನೆಯದಾಗಿ, ಹೇಗೆ ಯೋಜಿಸಬೇಕು?

ಉದ್ಯೋಗಕ್ಕೆ ರಜೆ ಹಾಕಿ, ಮಕ್ಕಳ ಶಾಲೆ ನೋಡಿಕೊಂಡು ಹೋಗುವ ಕುಟುಂಬಗಳಿಗೆ ಇಡೀ ದಾರಿ ಕಷ್ಟ. ಸಾಂತಿಯಾಗೊದಲ್ಲಿ ಕೊಡುವ 'ಕೊಂಪೊಸ್ತೆಲಾ' ಎಂಬ ಲ್ಯಾಟಿನ್ ಪತ್ರಕ್ಕೆ ಕನಿಷ್ಠ 100 ಕಿ.ಮೀ. ನಡೆದಿರಬೇಕು. ಆದ್ದರಿಂದ ಹೆಚ್ಚಿನವರು ಸುಮಾರು 115 ಕಿ.ಮೀ. ದೂರದ ಸಾರಿಯಾ ಪಟ್ಟಣದಿಂದ ನಡೆಯಲು ತೊಡಗುತ್ತಾರೆ. ಐದು ದಿನಕ್ಕೆ ಮುಗಿಸಬಹುದು, ಹಿರಿಯರಿದ್ದರೆ ಆರೇಳು ದಿನ ಇಟ್ಟುಕೊಳ್ಳಿ. ಅದಕ್ಕೆ ಮೊದಲು ಬುರ್ಗೋಸಿನಲ್ಲಿ ಒಂದು ದಿನ, ಲಿಯೋನಿನಲ್ಲಿ ಒಂದು ದಿನ ತಂಗಿರಿ. ಬುರ್ಗೋಸಿನ ಪ್ರಧಾನಾಲಯದ ಕೆಲಸ 1221ರಲ್ಲಿ ಆರಂಭವಾಯಿತು. ಲಿಯೋನಿನ ಪ್ರಧಾನಾಲಯದಲ್ಲಿ ಬಣ್ಣದ ಗಾಜಿನ ಕಿಟಕಿಗಳೇ ಸುಮಾರು 1,800 ಚದರ ಮೀಟರ್. ಓದುಬರಹ ಬಾರದ ಜನರಿಗೆ ಆ ಗಾಜುಗಳೇ ಪವಿತ್ರ ಗ್ರಂಥವಾಗಿದ್ದವು. ಕೊನೆಗೆ ಸಾಂತಿಯಾಗೊದಲ್ಲಿ ಎರಡು ದಿನ. ಹೀಗೆ ಪ್ರಯಾಣವೂ ಸೇರಿ ಹನ್ನೆರಡು ಹದಿಮೂರು ದಿನವಾದರೆ ಧಾವಂತವಿಲ್ಲದೆ ಹೋಗಿಬರಬಹುದು.

ಕಾಲ ನೋಡಿ ಹೊರಡಿ. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯದು. ಜುಲೈ-ಆಗಸ್ಟಿನಲ್ಲಿ ಬುರ್ಗೋಸ್-ಲಿಯೋನ್ ನಡುವಿನ ಬಯಲು ಸುಡುತ್ತದೆ. ಪವಿತ್ರ ವರ್ಷದ ಹಬ್ಬದ ವಾರದಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಗಲಿಸಿಯಾದಲ್ಲಿ ಮಳೆ ಯಾವಾಗ ಬೇಕಾದರೂ ಬರುತ್ತದೆ, ನಮ್ಮ ಮಲೆನಾಡಿನವರಿಗೆ ಇದು ಹೊಸದಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆರು ತಿಂಗಳು ಮೊದಲೇ ಅರ್ಜಿ ಹಾಕಲು ಅವಕಾಶವಿದೆ, ಕೊನೆಯ ವಾರದವರೆಗೆ ಕಾಯಬೇಡಿ. ಹೊಸ ಬೂಟು ಹಾಕಿಕೊಂಡು ವಿಮಾನ ಹತ್ತಬೇಡಿ. ಇಲ್ಲಿಯೇ ಮೂರು ತಿಂಗಳು ಅದನ್ನು ಹಾಕಿ ನಡೆದು ಅಭ್ಯಾಸ ಮಾಡಿ. ಬೆನ್ನಿನ ಚೀಲದ ತೂಕ ನಿಮ್ಮ ತೂಕದ ಹತ್ತನೇ ಒಂದು ಭಾಗ ಮೀರಬಾರದೆಂದು ಅನುಭವಿಗಳು ಹೇಳುತ್ತಾರೆ. 60 ಕಿಲೋ ಇರುವವರಿಗೆ 6 ಕಿಲೋ. ಹತ್ತು ಸೀರೆಗೆ ಜಾಗವಿಲ್ಲ! ಏನು ಬಿಡಬೇಕು ಎಂದು ನಿರ್ಧರಿಸುವಾಗಲೇ ಯಾತ್ರೆ ಆರಂಭವಾಗಿಬಿಡುತ್ತದೆ.

ಇನ್ನೊಂದು ಮಾತು ಗಮನಿಸಿ. ಗಲಿಸಿಯಾದ ಸರ್ಕಾರಿ ಯಾತ್ರಿಕ ಛತ್ರಗಳಲ್ಲಿ ಮುಂಗಡವಾಗಿ ಹಾಸಿಗೆ ಕಾದಿರಿಸುವಂತಿಲ್ಲ. ನಡೆದು ಬಂದವರಿಗೆ ಬಂದ ಕ್ರಮದಲ್ಲಿ ಜಾಗ. ಡಾಕ್ಟರಿಗೂ ಕೂಲಿಯವನಿಗೂ ಒಂದೇ ಬಗೆಯ ಅಂತಸ್ತಿನ ಮಂಚ. ಬಲಗಡೆ ಎಡಗಡೆ ಜಾಗ ಕೇಳಿದ ಯಕೋಬರ ಹೆಸರಿನ ದಾರಿಯಲ್ಲಿ ಯಾರಿಗೂ ಜಾಗ ಕಾದಿರಿಸುವುದಿಲ್ಲ! ಖಾಸಗಿ ವಸತಿಗಳಲ್ಲಿ ಕಾದಿರಿಸಬಹುದು, ವಯಸ್ಸಾದವರಿದ್ದರೆ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಒಂದು ರಾತ್ರಿಯಾದರೂ ಆ ಛತ್ರದಲ್ಲಿ ಮಲಗಿ ನೋಡಿ.

ಮೂರನೆಯದಾಗಿ, ಈ ದಾರಿಯನ್ನು ಮಾಡಿದವರು ಯಾರು?

ಬುರ್ಗೋಸಿಗೆ ಮೊದಲು ಸಾಂತೊ ದೊಮಿಂಗೊ ದೆ ಲಾ ಕಾಲ್ಸಾದಾ ಎಂಬ ಊರಿದೆ. 'ಕಲ್ಲುಹಾಸಿನ ದಾರಿಯ ಸಂತ ದೊಮಿನಿಕ್' ಎಂದು ಅರ್ಥ. ಜಪಮಾಲೆಯೊಂದಿಗೆ ನಾವು ನೆನೆಯುವ ದೊಮಿನಿಕರಿಗಿಂತ ಇವರು ಹಿಂದಿನವರು, 1109ರಲ್ಲಿ ದೈವಾಧೀನರಾದರು. ಮಠಕ್ಕೆ ಸೇರಲು ಹೋದಾಗ ಇವರನ್ನು ಸೇರಿಸಿಕೊಳ್ಳಲಿಲ್ಲವಂತೆ. ಆಗ ಅವರು ಕಾಡು ಕಡಿದು ರಸ್ತೆ ಮಾಡಿದರು, ನದಿಗೆ ಸೇತುವೆ ಕಟ್ಟಿದರು, ಯಾತ್ರಿಕರಿಗೆ ಛತ್ರ ತೆರೆದರು. ಬೇರೆಯವರ ಕಾಲಿಗೆ ದಾರಿ ಮಾಡಿಕೊಟ್ಟೇ ಅವರು ಸಂತರಾದರು.

ಗಲಿಸಿಯಾದ ಬಾಗಿಲಿನಂತೆ ಸುಮಾರು 1,300 ಮೀಟರ್ ಎತ್ತರದಲ್ಲಿ ಒ ಸೆಬ್ರೇರೊ ಎಂಬ ಹಳ್ಳಿ ಇದೆ. ಪರಂಪರೆಯ ಪ್ರಕಾರ 1300ರ ಸುಮಾರಿಗೆ ಒಬ್ಬ ರೈತ ಹಿಮದ ಬಿರುಗಾಳಿಯಲ್ಲಿ ಬೆಟ್ಟ ಹತ್ತಿ ಬಲಿಪೂಜೆಗೆ ಬಂದನು. ಇಷ್ಟು ರೊಟ್ಟಿ, ಇಷ್ಟು ದ್ರಾಕ್ಷಾರಸಕ್ಕಾಗಿ ಇವನು ಇಷ್ಟು ದೂರ ಬರಬೇಕೇ ಎಂದು ಪೂಜೆ ಅರ್ಪಿಸುತ್ತಿದ್ದ ಗುರು ಮನಸ್ಸಿನಲ್ಲೇ ಹಗುರವಾಗಿ ಎಣಿಸಿದನು. ಆ ಕ್ಷಣದಲ್ಲಿ ಅರ್ಪಿಸಿದ ರೊಟ್ಟಿ ಮಾಂಸವಾಗಿ, ರಸ ರಕ್ತವಾಗಿ ಕಂಡಿತೆಂದು ಜನ ನಂಬುತ್ತಾರೆ. ಆ ಪೂಜಾಪಾತ್ರೆ ಇಂದಿಗೂ ಅಲ್ಲಿದೆ. ಗುರುಗಳಾದ ನಮಗೆ ಇದು ಎಚ್ಚರಿಕೆ, ಮಳೆ ಬಂದರೆ ಪೂಜೆ ತಪ್ಪಿಸುವ ನಿಮಗೂ ಎಚ್ಚರಿಕೆ.

ಅದೇ ಹಳ್ಳಿಯ ಧರ್ಮಕೇಂದ್ರದ ಗುರುಗಳಾಗಿದ್ದವರು ಫಾದರ್ ಎಲಿಯಾಸ್ ವಲಿನ್ಯಾ. ಅವರ ಕಾಲಕ್ಕೆ ದಾರಿ ಬಹುಪಾಲು ಮರೆತುಹೋಗಿತ್ತು. 1980ರ ದಶಕದ ಆರಂಭದಲ್ಲಿ ವರ್ಷಕ್ಕೆ ಕೆಲವೇ ನೂರು ಯಾತ್ರಿಕರು. 1984ರಲ್ಲಿ ಅವರು ಹಳದಿ ಬಣ್ಣದ ಡಬ್ಬ, ಕುಂಚ ಹಿಡಿದು ಮರ, ಕಲ್ಲು, ಗೋಡೆಗಳ ಮೇಲೆ ಬಾಣದ ಗುರುತು ಬರೆಯುತ್ತಾ ಹೋದರು. 1989ರಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ವಿಶ್ವ ಯುವಜನ ದಿನಕ್ಕೆಂದು ಸಾಂತಿಯಾಗೊಗೆ ಬಂದರು. 2024ರಲ್ಲಿ ಕೊಂಪೊಸ್ತೆಲಾ ಪಡೆದ ಯಾತ್ರಿಕರು 4,99,000ಕ್ಕೂ ಹೆಚ್ಚು. ಇಂದಿಗೂ ಅವರೆಲ್ಲ ಹುಡುಕುವುದು ಹಳದಿ ಬಾಣವನ್ನೇ. ಒಬ್ಬ ಹಳ್ಳಿಯ ಗುರು ಒಂದು ಡಬ್ಬ ಬಣ್ಣದಿಂದ ಏನು ಮಾಡಬಹುದು ನೋಡಿ!

ಕೊನೆಯದಾಗಿ, ಯಾರು ಹೋಗಬೇಕು, ಯಾರು ಉಳಿಯಬೇಕು?

ಇದು ಸ್ವಲ್ಪ ಕಠಿಣ ಮಾತು, ಆದರೂ ಹೇಳಲೇಬೇಕು. ಪಕ್ಕದ ಮನೆಯವರು ಹೊರಟರೆಂದು ಒಡವೆ ಅಡವಿಟ್ಟು, ಸಾಲ ಮಾಡಿ ಹೋಗಬೇಡಿ. ಹಾಸಿಗೆ ಹಿಡಿದ ತಾಯಿಯನ್ನು ಯಾರದೋ ಕೈಗೆ ಒಪ್ಪಿಸಿ ಹೋಗಬೇಡಿ. ಹೋಗಿಬಂದವರು ಧರ್ಮಕೇಂದ್ರದಲ್ಲಿ ದೊಡ್ಡವರು, ಹೋಗದವರು ಚಿಕ್ಕವರು ಎಂಬ ಭಾವ ನಮ್ಮಲ್ಲಿ ಬಂದರೆ, ಆ ಯಾತ್ರೆಯೂ ಬಲಗಡೆಯ ಜಾಗಕ್ಕಾಗಿ ಹಾಕಿದ ಕರ್ಚೀಫೇ ಆಗುತ್ತದೆ. ಇಬ್ಬರು ಜಾಗ ಕೇಳಿದ್ದಕ್ಕೆ ಉಳಿದ ಹತ್ತು ಮಂದಿಗೆ ಸಿಟ್ಟು ಬಂತೆಂದು ಮತ್ತಾಯರು ಬರೆದಿರುವುದು ನಮಗಾಗಿಯೇ.

ಹೋಗಲಾಗದವರು ಕೊರಗಬೇಕಾಗಿಯೂ ಇಲ್ಲ. ಸಾಂತಿಯಾಗೊ ತಲುಪಲು ಇನ್ನೂ 180 ಕಿ.ಮೀ.ಗೂ ಹೆಚ್ಚು ಇರುವಾಗ ವಿಲ್ಯಾಫ್ರಾಂಕಾ ದೆಲ್ ಬಿಯೆರ್ಸೊ ಎಂಬ ಊರು ಸಿಗುತ್ತದೆ. ಅಲ್ಲಿ ಸಂತ ಯಕೋಬರದೇ ಒಂದು ಹಳೆಯ ದೇವಾಲಯ, ಅದರ ಪಕ್ಕದ ಬಾಗಿಲಿಗೆ 'ಕ್ಷಮೆಯ ಬಾಗಿಲು' ಎಂದು ಹೆಸರು. ಮುಂದೆ ಹೆಜ್ಜೆ ಇಡಲಾಗದ ರೋಗಿ ಯಾತ್ರಿಕನು ಆ ಬಾಗಿಲಿಗೆ ಬಂದರೆ ಸಾಕು, ಸಾಂತಿಯಾಗೊ ಮುಟ್ಟಿದವನಿಗೆ ಸಿಗುವ ವರವೇ ಅವನಿಗೂ ಸಿಗುತ್ತಿತ್ತು. ಎಷ್ಟು ತಾಯಿಯ ಮನಸ್ಸು ನಮ್ಮ ಧರ್ಮಸಭೆಯದು! ಸೋತವನು ಗುರಿಯ ಬಳಿಗೆ ಹೋಗಲಾರದೆ ಹೋದಾಗ, ಗುರಿಯನ್ನೇ ಸೋತವನ ಬಳಿಗೆ ತಂದಿಟ್ಟಳು. ನಮ್ಮಲ್ಲಿ ಮಂಡಿನೋವಿನಿಂದ ದೇವಾಲಯದ ಮೆಟ್ಟಿಲೂ ಹತ್ತಲಾರದ ಅಜ್ಜಿಯರಿದ್ದಾರೆ, ರೋಗಿಯ ಪಕ್ಕದಲ್ಲಿ ವರ್ಷಗಟ್ಟಲೆ ಎಚ್ಚರವಿರುವ ಸೊಸೆಯರಿದ್ದಾರೆ. ಅವರ ಮನೆಯ ಬಾಗಿಲೇ ಅವರಿಗೆ ಕ್ಷಮೆಯ ಬಾಗಿಲು. ಸಂತ ಪೌಲರು ಹೇಳುವ ಮಣ್ಣಿನ ಪಾತ್ರೆಗಳು ಇವರೇ, ನಿಧಿ ಇರುವುದೂ ಇವರೊಳಗೇ.

ಹೋಗುವವರಿಗೆ ನನ್ನದೊಂದು ಬೇಡಿಕೆ. ಹೊರಡುವ ಮುನ್ನ ಒಳ್ಳೆಯ ಪಾಪನಿವೇದನೆ ಮಾಡಿ. ಮುನಿಸಿಕೊಂಡ ಅಣ್ಣತಮ್ಮಂದಿರ ಮನೆಗೆ ಮೊದಲು ನಡೆಯಿರಿ. ಆ ದಾರಿ 780 ಕಿ.ಮೀ.ಗಿಂತ ಉದ್ದವಾಗಿ ಕಂಡೀತು. ನಂತರ ಮನೆಯಲ್ಲೇ ಉಳಿಯುವ ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡು ಹೋಗಿ ಸಂತ ಯಕೋಬರ ಸಮಾಧಿಯ ಮುಂದೆ ಓದಿರಿ. ಆ ಕಾಗದ ನಿಮ್ಮ ಚೀಲಕ್ಕೆ ಭಾರವಾಗದು.

ಓ ಪ್ರೇಷಿತ ಸಂತ ಯಕೋಬರೇ, ಜಾಗ ಕೇಳಲು ಬಂದು ಪಾತ್ರೆ ಸ್ವೀಕರಿಸಿದವರು ನೀವು. ನಡೆಯುವವರ ಕಾಲಿಗೂ, ನಡೆಯಲಾರದವರ ಮನಸ್ಸಿಗೂ ಬಲ ಸಿಗುವಂತೆ ನಮಗಾಗಿ ಪ್ರಾರ್ಥಿಸಿರಿ. ಆಮೆನ್.