ಬ್ಯಾಣದ ಮೇಲೆ ತೇಲುವ ಹಕ್ಕಿ

ಆನಂದಪುರದ ಸುತ್ತ, ಅಕೇಶಿಯಾ ತೋಪು, ಅಡಿಕೆ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಬ್ಯಾಣ ಇನ್ನೂ ಉಳಿದಿದೆ. ದನ ಮೇಯುವ, ಕರಡ ಕೊಯ್ಯುವ ಹುಲ್ಲುನೆಲ. ಅದನ್ನು ಖಾಲಿ ಜಾಗ ಎನ್ನುವುದು ನಮಗೆ ರೂಢಿಯಾಗಿಬಿಟ್ಟಿದೆ.

ಇಂಥ ಬಯಲನ್ನೇ ನಂಬಿದ ಬೇಟೆಹಕ್ಕಿ ಹ್ಯಾರಿಯರ್, ಕನ್ನಡದಲ್ಲಿ ಸೆಳೆವ. ಮಧ್ಯ ಏಷ್ಯಾದ ಹುಲ್ಲುಗಾಡಿನಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಕರ್ನಾಟಕದವರೆಗೂ ಹಾರಿಬರುತ್ತದೆ. ರೆಕ್ಕೆಯನ್ನು ತುಸು ಮೇಲಕ್ಕೆತ್ತಿ ಹಿಡಿದು, ಹುಲ್ಲಿನ ತೆನೆ ಸವರುವಷ್ಟು ಕೆಳಗೆ ತೇಲುತ್ತದೆ. ಮುಖ ಗೂಬೆಯದರಂತೆ ದುಂಡು. ಹುಲ್ಲಿನೊಳಗೆ ಇಲಿ ಸರಿದ ಸದ್ದೂ ಅದರ ಕಿವಿಗೆ ಬೀಳುತ್ತದೆ. ಸರಕ್ಕನೆ ತಿರುಗಿ ಎರಗಿತೆಂದರೆ ಉಗುರಿನಲ್ಲಿ ಇಲಿಯೋ ಮಿಡತೆಯೋ ಇರುತ್ತದೆ. ರೈತನಿಗೆ ಇದಕ್ಕಿಂತ ಒಳ್ಳೆಯ ನೆಂಟ ಬೇಕೆ?

ಸಂಜೆಯಾದರೆ ಈ ಹಕ್ಕಿಗಳು ಮರ ಸೇರುವುದಿಲ್ಲ. ಎತ್ತರದ ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ತಂಗುತ್ತವೆ. ಆ ಹುಲ್ಲಿಗೆ ಬೆಂಕಿ ಬಿದ್ದರೆ, ಅಲ್ಲಿ ನೆಡುತೋಪು ಎದ್ದರೆ, ಸಾವಿರಾರು ಮೈಲಿ ಹಾರಿಬಂದ ಹಕ್ಕಿಗೆ ರಾತ್ರಿ ಕಳೆಯಲು ಠಾವಿಲ್ಲ. ಮರ ನೆಡುವುದು ಪುಣ್ಯದ ಕೆಲಸ, ಒಪ್ಪೋಣ. ಆದರೆ ಹುಲ್ಲುಗಾವಲಿಗೆ ಮರ ತುಂಬುವುದು ಕೆರೆಗೆ ಮಣ್ಣು ತುಂಬಿದಂತೆ.

ಬೆಂಗಳೂರಿನ ಬಳಿಯ ಹೆಸರಘಟ್ಟದ ಹುಲ್ಲುಗಾವಲನ್ನು ಉಳಿಸಲು ಪಕ್ಷಿಪ್ರಿಯರು ವರ್ಷಗಟ್ಟಲೆ ಹೋರಾಡಿದರು. 5,000 ಎಕರೆಗೂ ಹೆಚ್ಚಿನ ಆ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡಲು 2024ರಲ್ಲಿ ರಾಜ್ಯ ಸಂಪುಟ ಒಪ್ಪಿತು.

ನಮ್ಮ ಬ್ಯಾಣಗಳಿಗೆ ಸರ್ಕಾರದ ಆದೇಶವೇ ಬೇಕೆಂದಿಲ್ಲ. ಈ ಚಳಿಗಾಲ ಒಂದು ಮೂಲೆಯ ಹುಲ್ಲನ್ನಾದರೂ ಕೊಯ್ಯದೆ, ಬೆಂಕಿ ಹಾಕದೆ ಮಾರ್ಚ್‌ವರೆಗೆ ಹಾಗೇ ಬಿಡಿ.