ಕಣ್ಣು ಮಿಟುಕಿಸುವ ಬಲ್ಬು

ಮಕ್ಕಳೇ, ನಾಟಕದಲ್ಲಿ ರಾತ್ರಿಯಾಗಬೇಕಾದಾಗ ರಂಗದ ಬೆಳಕು ಮೆಲ್ಲಮೆಲ್ಲನೆ ಇಳಿಯುತ್ತದಲ್ಲ, ಗಮನಿಸಿದ್ದೀರಾ? ನಮ್ಮ ತುಮಕೂರು ಜಿಲ್ಲೆಗೆ ನಾಟಕ ಹೊಸದೇನಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ, ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದು ನಿಲ್ಲಿಸಿತ್ತು. ರಂಗದ ಬೆಳಕನ್ನು ಹೀಗೆ ಏರಿಸಿ ಇಳಿಸುವ ಸಲಕರಣೆಗೆ ಡಿಮ್ಮರ್ ಅನ್ನುತ್ತಾರೆ. ಹಿಂದೆ ರಂಗಮಂದಿರಗಳಲ್ಲಿ ಬಳಸುತ್ತಿದ್ದ ಒಂದು ಬಗೆಯ ಡಿಮ್ಮರಿನಲ್ಲಿ ಉದ್ದನೆಯ ತಂತಿಸುರುಳಿ ಇರುತ್ತಿತ್ತು. ಬೆಳಕು ಇಳಿಸಿದರೆ ಸುರುಳಿ ಕಾಯುತ್ತಿತ್ತು, ವಿದ್ಯುತ್ತು ಸುಮ್ಮನೆ ಶಾಖವಾಗಿ ಪೋಲಾಗುತ್ತಿತ್ತು.

ಈಗಿನ ಡಿಮ್ಮರ್ ಪುಟ್ಟದು. ಸ್ವಿಚ್‌ಬೋರ್ಡಿನಲ್ಲಿ ಫ್ಯಾನ್ ರೆಗ್ಯುಲೇಟರಿನ ಪಕ್ಕ, ನೋಡಲು ಅದರ ತಮ್ಮನ ಹಾಗೆ ಕೂತಿರುತ್ತದೆ. ತುಮಕೂರಿನ ಒಂದು ಮನೆಯ ಹಾಲ್‌ನಲ್ಲಿ ಇಂಥದ್ದೊಂದು ಇದೆ ಅಂದುಕೊಳ್ಳಿ. ಹಳೆಯ ತಂತಿ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿದರು. ಡಿಮ್ಮರ್ ಮಾತ್ರ ಹಳೆಯದೇ ಉಳಿಯಿತು. ಅವತ್ತಿನಿಂದಲೇ ಬಲ್ಬುಗಳು ಕಣ್ಣು ಮಿಟುಕಿಸತೊಡಗಿದವು!

ತಪ್ಪು ಬಲ್ಬಿನದೂ ಅಲ್ಲ, ಡಿಮ್ಮರಿನದೂ ಅಲ್ಲ. ಇಬ್ಬರ ಜೋಡಿ ಸರಿಹೋಗಿಲ್ಲ, ಅಷ್ಟೆ.

ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಒಂದೇ ಕಡೆಗೆ ಹರಿಯುವುದಿಲ್ಲ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಹಾಗೆ ಓಲಾಡುವಾಗ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿದು ಮತ್ತೆ ಏರುತ್ತದೆ. ಡಿಮ್ಮರ್ ಒಳಗಿನ ಟ್ರಯಾಕ್ ಎಂಬ ಚೂರು ಪ್ರತಿ ಸಲವೂ ತುಸು ಕಾದು, ಆಮೇಲೆ ದಾರಿ ಬಿಡುತ್ತದೆ. ನೀವು ಗುಂಡಿಯನ್ನು ಇಳಿಸಿದಷ್ಟೂ ಅದು ಹೆಚ್ಚು ಹೊತ್ತು ಕಾಯುತ್ತದೆ, ಬಲ್ಬಿಗೆ ಸಿಗುವ ವಿದ್ಯುತ್ತು ಕಡಿಮೆಯಾಗುತ್ತದೆ.

ಹಾಗಾದರೆ ಹಳೆಯ ಬಲ್ಬು ಯಾಕೆ ಮಿಟುಕಿಸಲಿಲ್ಲ? ಅದರೊಳಗಿನ ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಬೆಳಗುತ್ತಿತ್ತು. ಒಲೆ ಆರಿಸಿದ ಮೇಲೂ ದೋಸೆ ಕಾವಲಿ ಬಿಸಿಯಾಗಿಯೇ ಇರುವುದಿಲ್ಲವೇ? ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಆ ತಂತಿ ಆರುವುದಕ್ಕೆ ಸಾಧ್ಯವೇ ಇರಲಿಲ್ಲ. ಎಲ್‌ಇಡಿ ಬೆಳಗುವುದು ಬಿಸಿಯಿಂದಲ್ಲ. ವಿದ್ಯುತ್ತು ನಿಂತ ಕ್ಷಣವೇ ಅದು ಆರಿಬಿಡುತ್ತದೆ. ಅದಕ್ಕೇ ಬಲ್ಬಿನ ಬುಡದಲ್ಲಿ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟ್ ಇರುತ್ತದೆ. ಓಲಾಡುವ ವಿದ್ಯುತ್ತನ್ನು ತಿದ್ದಿ, ಕೆಪಾಸಿಟರಿನಲ್ಲಿ ಸ್ವಲ್ಪ ಕೂಡಿಟ್ಟು, ಎಲ್‌ಇಡಿಗೆ ಒಂದೇ ಸಮನೆ ಉಣಿಸುವುದು ಅದರ ಕೆಲಸ. ಕಡಿದು ಕಡಿದು ಬರುವ ವಿದ್ಯುತ್ತು ಸಾಮಾನ್ಯ ಡ್ರೈವರಿಗೆ ಒಗ್ಗುವುದಿಲ್ಲ.

ಇನ್ನೊಂದು ತೊಡಕೂ ಉಂಟು. ಟ್ರಯಾಕ್ ತೆರೆದುಕೊಂಡೇ ಇರಬೇಕಾದರೆ ಅದರ ಮೂಲಕ ಒಂದಿಷ್ಟಾದರೂ ವಿದ್ಯುತ್ತು ಹರಿಯುತ್ತಿರಬೇಕು. 60 ವಾಟಿನ ನಾಲ್ಕು ಬಲ್ಬು ಸೇರಿದರೆ 240 ವಾಟ್. 9 ವಾಟಿನ ನಾಲ್ಕು ಎಲ್‌ಇಡಿ ಸೇರಿದರೆ ಬರೀ 36! ಅಷ್ಟು ಸಾಲದೆ ಟ್ರಯಾಕ್ ನಡುವೆಯೇ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುತ್ತದೆ. ಸಾಲಿನಲ್ಲಿ ಒಂದು ಹಳೆಯ ಬಲ್ಬನ್ನು ಉಳಿಸಿಕೊಂಡರೆ ಎಷ್ಟೋ ಸಲ ಮಿಟುಕು ನಿಲ್ಲುವುದು ಇದೇ ಕಾರಣಕ್ಕೆ. ಆದರೆ ಉಳಿತಾಯಕ್ಕೆಂದು ಎಲ್‌ಇಡಿ ತಂದು ಪಕ್ಕದಲ್ಲೇ 60 ವಾಟ್ ಉರಿಸುವುದು ಎಂಥ ಜಾಣತನ? ಪೆಟ್ಟಿಗೆಯ ಮೇಲೆ ‘ಡಿಮ್ಮಬಲ್’ ಎಂದು ಬರೆದಿರುವ ಬಲ್ಬು, ಎಲ್‌ಇಡಿಗೆಂದೇ ಮಾಡಿದ ಡಿಮ್ಮರ್, ಎರಡೂ ಬೇಕು. ನನ್ನನ್ನು ಕೇಳಿದರೆ, ಮಲಗುವ ಕೋಣೆಗೆ ಡಿಮ್ಮರ್ ಗೋಜೇ ಬೇಡ. ಅರ್ಧ ವಾಟಿನ ಪುಟ್ಟ ಎಲ್‌ಇಡಿ ದೀಪ ಸಾಕು.

ಡಿಮ್ಮರ್ ಇಲ್ಲದ ಮನೆಯಲ್ಲೂ ಬಲ್ಬು ಮಿಟುಕಿಸಬಹುದು. ಕುಣಿಗಲ್ ಕಡೆಯ ತೆಂಗಿನ ತೋಟದ ಮನೆಯಲ್ಲಿ ಬೋರ್‌ವೆಲ್ ಮೋಟರ್ ಹಾಕಿದ ತಕ್ಷಣ ದೀಪ ಒಮ್ಮೆ ಮಂಕಾದರೆ ಗಾಬರಿ ಬೇಡ. ಮೋಟರ್ ಓಡಲು ಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಶುರುವಿನಲ್ಲಿ ಎಳೆಯುತ್ತದೆ, ಆಗ ವೋಲ್ಟೇಜ್ ಕುಸಿಯುತ್ತದೆ. ಸ್ವಿಚ್ ಆರಿಸಿದ ಮೇಲೂ ಬಲ್ಬು ಕತ್ತಲಲ್ಲಿ ಮಿಣುಕುತ್ತಿದೆಯೇ? ದೆವ್ವವಲ್ಲ! ಸ್ವಿಚ್ಚಿನಲ್ಲಿರುವ ಪುಟ್ಟ ಕೆಂಪು ದೀಪದ ಮೂಲಕ ಎಳೆಯಷ್ಟು ವಿದ್ಯುತ್ತು ನುಸುಳಿ ಕೆಪಾಸಿಟರಿನಲ್ಲಿ ಸೇರಿಕೊಳ್ಳುತ್ತಿರಬಹುದು.

ಕಣ್ಣಿಗೆ ಕಾಣದ ಮಿಟುಕನ್ನೂ ಹಿಡಿಯಬಹುದು. ರಾತ್ರಿ ಒಂದೇ ಬಲ್ಬು ಉರಿಯುತ್ತಿರುವಾಗ ಅದರ ಬೆಳಕಿನಲ್ಲಿ ಪೆನ್ಸಿಲ್ಲನ್ನು ಬೇಗಬೇಗ ಬೀಸಿ. ಒಂದು ಪೆನ್ಸಿಲ್ ಬದಲು ಬಿಡಿಬಿಡಿಯಾಗಿ ಹಲವು ಕಂಡರೆ ಬಲ್ಬು ಮಿಟುಕಿಸುತ್ತಿದೆ ಎಂದೇ ಅರ್ಥ. ಇಲ್ಲವೇ ಮೊಬೈಲ್ ಕ್ಯಾಮೆರಾವನ್ನು ಅದರತ್ತ ಹಿಡಿಯಿರಿ. ಬಲ್ಬು ಮಿಟುಕಿಸುತ್ತಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಸರಿಯುವುದು ಕಾಣಬಹುದು.

ಮಿಟುಕುವುದು ಒಂದೇ ಬಲ್ಬಾದರೆ ದೋಷ ಬಲ್ಬಿನಲ್ಲೋ ಹೋಲ್ಡರಿನಲ್ಲೋ ಇರುತ್ತದೆ. ಡಿಮ್ಮರ್ ಇರುವ ಕೋಣೆಯಲ್ಲಿ ಮಾತ್ರವಾದರೆ ಡಿಮ್ಮರ್ ಮತ್ತು ಬಲ್ಬಿನ ಜೋಡಿಯ ಮೇಲೆ ಅನುಮಾನಪಡಿ. ಮನೆಯ ದೀಪಗಳೆಲ್ಲ ಮಿಟುಕಿದರೆ ಎಲ್ಲೋ ತಂತಿ ಸಡಿಲವಾಗಿರಬಹುದು. ಸಡಿಲ ತಂತಿ ಬಿಸಿಯಾಗಿ ಬೆಂಕಿಯೂ ಹತ್ತಬಹುದು, ಕೂಡಲೇ ದೊಡ್ಡವರಿಗೆ ಹೇಳಿ. ಬೀದಿಗೆ ಬೀದಿಯೇ ಮಿಟುಕಿದರೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿಸಿ. ನೋಡುವುದು, ಪೆನ್ಸಿಲ್ ಬೀಸುವುದು, ಪೆಟ್ಟಿಗೆಯ ಮೇಲಿನದನ್ನು ಓದುವುದು ನಿಮ್ಮ ಕೆಲಸ. ಬೋರ್ಡು ಬಿಚ್ಚುವುದನ್ನು ಮಾತ್ರ ಎಲೆಕ್ಟ್ರಿಷಿಯನ್ನರಿಗೆ ಬಿಡಿ.